ಬಲಮೂಲೆಯ ಗೆರೆ

ಮಾರ್ಚ್ 3, ಸೋಮವಾರ

ಇವತ್ತಿನಿಂದ ದಿನಚರಿ. ಯಾರಿಗೂ ತೋರಿಸುವುದಕ್ಕಲ್ಲ. ನನ್ನ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ನಾನೇ ನೋಡಿಕೊಳ್ಳುವುದಕ್ಕೆ.

ನಿನ್ನೆ ಕನ್ನಡಕ ಹುಡುಕುತ್ತ ಮನೆಯೆಲ್ಲ ತಿರುಗಿದೆ. ಅದು ಮೂಗಿನ ಮೇಲೇ ಇತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ. ಇದೇನು ಮೊದಲ ಸಲವಲ್ಲ. ಹಿಂದೆಲ್ಲ ಇಂಥದ್ದಕ್ಕೆ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಿನ್ನೆ ನಗಲಿಲ್ಲ. "ಮೂಗಿನ ಮೇಲಿದೆ ನೋಡಪ್ಪ" ಎಂದು ಮೆತ್ತಗೆ ಹೇಳಿ ಒಳಗೆ ಹೋದಳು. ಆ ಮೆತ್ತನೆಯ ದನಿ ನನಗೆ ಗೊತ್ತು. ಅಣ್ಣನ ಕೊನೆಯ ವರ್ಷಗಳಲ್ಲಿ ನಾವೆಲ್ಲ ಅವನ ಜೊತೆ ಆ ದನಿಯಲ್ಲೇ ಮಾತಾಡುತ್ತಿದ್ದೆವು. ಅಣ್ಣ ಒಂದು ಮಧ್ಯಾಹ್ನ ತನ್ನ ಮನೆಯ ಬಾಗಿಲನ್ನೇ ತಟ್ಟಿ, "ಇಲ್ಲಿ ಯಾರಿದ್ದಾರಮ್ಮ?" ಎಂದು ಅತ್ತಿಗೆಯನ್ನು ಕೇಳಿದ್ದ. ಅವನಿಗೆ ಆಗ ನನ್ನ ಈಗಿನ ವಯಸ್ಸು.

ಆದ್ದರಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ. ನೆನಪಿದ್ದದ್ದನ್ನು ಬರೆಯುವುದು, ಹಿಂದಿನ ಪುಟ ತಿರುಗಿಸಿ ನೋಡುವಂತಿಲ್ಲ. ನೋಡಿದರೆ ಪರೀಕ್ಷೆಯಲ್ಲಿ ಕಾಪಿ ಹೊಡೆದ ಹಾಗೆ.

ಮೊದಲ ಪರೀಕ್ಷೆಗೆ ನನ್ನ ಗೋಡೆಯನ್ನೇ ತೆಗೆದುಕೊಳ್ಳುತ್ತೇನೆ. ಕಣ್ಣು ಮುಚ್ಚಿದರೂ ಕಾಣುವ ಗೋಡೆ. ಹಳೆಯ ತಂತಿ ಕಚೇರಿಯ ದೊಡ್ಡ ಹಜಾರ, ಅದರ ಬಲಕ್ಕೆ ಮಹಡಿಗೆ ಹೋಗುವ ಮೆಟ್ಟಿಲು, ಮೆಟ್ಟಿಲ ಪಕ್ಕದ ಎತ್ತರದ ಗೋಡೆ. ಆ ಗೋಡೆಯ ಮೇಲಿನ ಬಿರುಕುಗಳೆಲ್ಲ ನಾನು ಸಿನಿಮಾಕ್ಕೆಂದು ಬರೆದವು. ದೊಡ್ಡ ಬಿರುಕು ಸೂರಿನಿಂದ ಹೊರಟು ಓರೆಯಾಗಿ ಇಳಿದು ಕಮಾನಿನ ಕಿಟಕಿಯ ಹೆಗಲಿಗೆ ಮುಗಿಯುತ್ತದೆ. ಅದು ಪಟ್ಟದರಾಣಿ. ಅದರ ಎಡಕ್ಕೆ ಸಣ್ಣಪುಟ್ಟವು, ಸವತಿಯರು. ಗೋಡೆಯ ಬಲಮೂಲೆ, ತೊಲೆಯಿಂದ ಮೆಟ್ಟಿಲ ತಿರುವಿನವರೆಗೆ, ಪೂರ್ತಿ ಖಾಲಿ. ಅಲ್ಲಿ ನಾಯಕಿಯ ಮುಖ ಬರುತ್ತದೆ, ಮುಖದ ಹಿಂದೆ ಗೆರೆ ಬಂದರೆ ನೋಡುವವರ ಕಣ್ಣು ಗೆರೆಗೆ ಹೋಗುತ್ತದೆ ಎಂದು ನಿರ್ದೇಶಕರು ಹೇಳಿದ್ದರಿಂದ ನಾನೇ ಬಿಟ್ಟದ್ದು. ಎಲ್ಲವನ್ನೂ ಕೋಳಿಯ ಗರಿಯಿಂದ ಬರೆದೆ. ಗರಿ ಕುಂಚದ ಹಾಗೆ ಹೇಳಿದ ಮಾತು ಕೇಳುವುದಿಲ್ಲ, ಅಲ್ಲಲ್ಲಿ ಎಡವುತ್ತದೆ. ಬಿರುಕೂ ಹಾಗೇ ಹೋಗುವುದು. ಬಣ್ಣ ಮಾತ್ರ ಸರೇಸು ಅಂಟು ಬೆರೆಸಿದ ಪುಡಿಬಣ್ಣ. ಹಳೆಯ ಕಟ್ಟಡವಾದ್ದರಿಂದ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗಬೇಕು ಎಂಬ ಷರತ್ತಿತ್ತು.

ಎಲ್ಲಾ ನೆನಪಿದೆ. ಮಗಳಿಗೆ ಇದನ್ನು ತೋರಿಸಬೇಕು ಅನ್ನಿಸುತ್ತಿದೆ. ತೋರಿಸುವುದಿಲ್ಲ.

ಮಾರ್ಚ್ 5, ಬುಧವಾರ

ಇವತ್ತು ಗೋಡೆ ತೋರಿಸಲು ಎರಡು ತಂಡ. ಒಂದರಲ್ಲಿ ಎಲ್ಲರೂ ಒಂದೇ ಬಣ್ಣದ ಟೋಪಿ ಹಾಕಿಕೊಂಡಿದ್ದರು. ಸಿನಿಮಾ ಬಂದು ಇಷ್ಟು ವರ್ಷವಾದರೂ ಜನ ಬರುವುದು ನಿಂತಿಲ್ಲ. ಮನೆಯೊಂದು ತನ್ನೊಳಗಿನವರನ್ನು ಒಬ್ಬೊಬ್ಬರನ್ನಾಗಿ ನುಂಗುವ ಕಥೆ ಅದು. ನಾಯಕಿ ಬಿರುಕಿಗೆ ಕಿವಿ ಕೊಟ್ಟು ಒಳಗಿನ ಸದ್ದು ಕೇಳುತ್ತಾಳೆ. ಬಂದವರೆಲ್ಲ ಹಾಗೇ ಕಿವಿ ಕೊಟ್ಟು ಫೋಟೊ ಹೊಡೆಸಿಕೊಳ್ಳಬೇಕು. ಗೋಡೆಗೂ ಕಿವಿ ಇರುತ್ತೆ ಅಂತಾರೆ, ಇಲ್ಲಿ ಗೋಡೆಗೇ ಎಲ್ಲರ ಕಿವಿ. "ಮುಟ್ಟಬೇಡಿ, ಬಣ್ಣ ಬರುತ್ತೆ" ಎಂದು ನಾನು ದಿನವಿಡೀ ಹೇಳುತ್ತಿರಬೇಕು.

ಕೊನೆಗೆ ನನ್ನ ಹಳೆಯ ಆಟ. ಎಲ್ಲರನ್ನೂ ಸುಮ್ಮನಿರಿಸಿ, ಗೋಡೆಗೆ ಕಿವಿ ಕೊಟ್ಟು, ಹುಬ್ಬು ಗಂಟಿಕ್ಕಿ, ಸ್ವಲ್ಪ ಹೊತ್ತು ಬಿಟ್ಟು "ಓಡಿ!" ಎಂದು ಕಿರುಚುವುದು. ಬೆಚ್ಚಿಬಿದ್ದು, ಆಮೇಲೆ ಬಿದ್ದುಬಿದ್ದು ನಗುತ್ತಾರೆ. ಕೆಲವರು ಇದಕ್ಕೆಂದೇ ಎರಡನೇ ಸಲ ಬರುತ್ತಾರೆ. ಹಾಗೆ ನಗುತ್ತ ಮೆಟ್ಟಿಲಿಳಿದರೆ ಕೆಳಗೆ, ಅದೇ ಗೋಡೆಯ ಬುಡದಲ್ಲಿ, ಮಗಳ ಟೀ ಕೌಂಟರು. ಗಂಡನ ಮನೆ ಬಿಟ್ಟು ಬಂದ ಮೇಲೆ ಕಟ್ಟಡ ನೋಡಿಕೊಳ್ಳುವ ಮ್ಯಾನೇಜರಮ್ಮನನ್ನು ಕೇಳಿ ಆ ಜಾಗ ಕೊಡಿಸಿದವನು ನಾನೇ. ಹೆದರಿದವರಿಗೆ ಟೀ ಚೆನ್ನಾಗಿ ಸೇರುತ್ತದೆ. ವ್ಯಾಪಾರಕ್ಕೆ ಮೋಸವಿಲ್ಲ.

ಇಡೀ ಜೀವಮಾನ ಸೆಟ್ಟಿಗೆ ಬಣ್ಣ ಬಳಿದೆ. ಅರಮನೆ ಬರೆದೆ, ಜೈಲು ಬರೆದೆ, ಸುಡುಗಾಡು ಬರೆದೆ. ಪ್ಯಾಕಪ್ ಅಂದ ಮರುದಿನವೇ ಎಲ್ಲವನ್ನೂ ಕಿತ್ತು ಸೌದೆ ಮಾಡುತ್ತಿದ್ದರು. ನನ್ನ ಕೈಯ ಕೆಲಸ ಅಂತ ಭೂಮಿಯ ಮೇಲೆ ಉಳಿದಿರುವುದು ಈ ಗೋಡೆ ಒಂದೇ. ಜನ ನನ್ನನ್ನು ಬಿರುಕಿನ ಮೇಷ್ಟ್ರು ಎಂದು ಕರೆಯುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು. ಇರಲಿ.

ಮಾರ್ಚ್ 9, ಭಾನುವಾರ

ಸಿನಿಮಾದ ಎರಡನೇ ಭಾಗ ತೆಗೆಯುತ್ತಾರಂತೆ, ಇಲ್ಲೇ. ಮ್ಯಾನೇಜರಮ್ಮ ಕರೆದು ಹೇಳಿದರು. ನನಗೆ ಖುಷಿಯಾಯಿತು, ಅದನ್ನು ಮುಚ್ಚಿಡುವುದೇಕೆ.

ಸಾಮಾನು ಆಗಲೇ ಬರತೊಡಗಿದೆ. ಮಹಡಿಯ ಮೇಲೆ, ನನ್ನ ಗೋಡೆಯ ನೆತ್ತಿಗೆ ಸರಿಯಾಗಿ, ದೊಡ್ಡದೊಂದು ನೀರಿನ ಟ್ಯಾಂಕು ಕೂರಿಸುತ್ತಿದ್ದಾರೆ. ಮನೆಯೊಳಗೆ ಮಳೆ ಸುರಿಯುವ ದೃಶ್ಯವಿದೆಯಂತೆ. ಅದನ್ನು ನೋಡಿಕೊಳ್ಳುವವನು ಉದ್ದನೆಯ ಆಸಾಮಿ, ಎಲ್ಲರೂ ಮಳೆರಾಯ ಅನ್ನುತ್ತಾರೆ. ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರುತ್ತಾನೆ. "ಮೇಷ್ಟ್ರೇ, ನಾನೂ ನೀವೂ ಒಂದೇ ಕಸುಬಿನವರು. ನಿಮ್ಮದು ಸುಳ್ಳು ಬಿರುಕು, ನಂದು ಸುಳ್ಳು ಮಳೆ" ಅಂದ. ಮಾತುಗಾರ. ಮಗಳ ಕೌಂಟರಿನಲ್ಲಿ ಟೀ ಕುಡಿದವನು ಲೋಟ ಕೆಳಗಿಡುವುದಕ್ಕೆ ಅಷ್ಟು ಹೊತ್ತು ಯಾಕೆ ತೆಗೆದುಕೊಂಡನೋ.

ಮಾರ್ಚ್ 14, ಶುಕ್ರವಾರ

ಮಗಳ ಜೊತೆ ಜಗಳ. ಜಗಳವೂ ಅಲ್ಲ, ನಾನೊಬ್ಬನೇ ಕೂಗಾಡಿದೆ.

ಅವಳು ಕೇಳಿದ್ದು ಇಷ್ಟೇ. "ಅಪ್ಪ, ದಿನಾ ಬೆಳಿಗ್ಗೆ ಬಂದು ನೋಡಿದ್ರೆ ಕೌಂಟರ್ ಮೇಲೆಲ್ಲ ಸುಣ್ಣದ ಪುಡಿ ಬಿದ್ದಿರುತ್ತೆ. ಮೇಲೆ ಬಲಮೂಲೆಲಿ ಒಂದು ಗೆರೆ ಕಾಣುತ್ತಲ್ಲ, ಅದು ಮೊದಲೇ ಇತ್ತಾ?"

ಕೇಳಿದ ರೀತಿ ನೋಡಿ ನನಗೆ ಎಲ್ಲಾ ಅರ್ಥವಾಯಿತು. ಅಣ್ಣನನ್ನೂ ಅತ್ತಿಗೆ ಹೀಗೇ ಕೇಳುತ್ತಿದ್ದಳು. ಈ ಡಬ್ಬಿ ಮೊದಲು ಎಲ್ಲಿತ್ತು ಹೇಳಿ, ಈ ಫೋಟೊದಲ್ಲಿರುವವರು ಯಾರು ಹೇಳಿ. ಗೊತ್ತಿದ್ದೂ ಕೇಳುವುದು.

"ನನ್ನ ಗೋಡೆ ಬಗ್ಗೆ ನನ್ನನ್ನೇ ಪರೀಕ್ಷೆ ಮಾಡ್ತೀಯೇನೇ? ನಾನು ಬರೆಯದೆ ಇನ್ಯಾರು ಬರೀತಾರೆ? ಗೋಡೆ ತಾನೇ ಬರ್ಕೊಳ್ಳುತ್ತಾ?"

"ಪರೀಕ್ಷೆ ಅಲ್ಲಪ್ಪ. ಸುಮ್ನೆ ಕೇಳ್ದೆ."

"ಹಳೇ ಬಣ್ಣ ಉದುರುತ್ತೆ. ಒರೆಸ್ಕೋ."

ಅವಳು ಒರೆಸಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಕಥೆ. ಅಷ್ಟು ಕೂಗಬಾರದಿತ್ತು. ಆಮೇಲೆ ಮೆಟ್ಟಿಲು ಹತ್ತಿ ನೋಡಿದೆ. ತೊಲೆಯ ಕೆಳಗೆ, ಮೂಲೆಯಲ್ಲಿ, ಒಂದು ಗೇಣು ಗೆರೆ. ಕೂದಲೆಳೆಯಷ್ಟು ಸಣ್ಣದು.

ನಿಂತು ಬಹಳ ಹೊತ್ತು ನೋಡಿದೆ. ನೆನಪಾಗಲಿಲ್ಲ. ಈ ಮಾತನ್ನು ಇಲ್ಲಿ ಬರೆಯುವುದಕ್ಕೂ ಕೈ ಹಿಂಜರಿಯುತ್ತಿದೆ.

ಮಾರ್ಚ್ 15, ಶನಿವಾರ

ನೆನಪಾಯಿತು. ಶೂಟಿಂಗಿನ ಕೊನೆಯ ವಾರ, ಕ್ಯಾಮೆರಾದವರು ಮೂಲೆ ಬೋಳು ಕಾಣುತ್ತೆ ಅಂದರು. ಗರಿ ಮುರಿದಿತ್ತು, ಹೊಸದು ಹುಡುಕುವಷ್ಟು ಪುರುಸೊತ್ತಿರಲಿಲ್ಲ. ಮುರಿದ ಗರಿಯಲ್ಲೇ ಎಳೆದೆ. ಅದಕ್ಕೇ ಅಷ್ಟು ಸಣ್ಣ ಗೆರೆ. ಇವತ್ತು ಅನ್ನ ಸೇರಿತು. ಮಗಳಿಗೆ ಹೇಳಿದೆ. "ಸರಿಯಪ್ಪ" ಅಂದಳು.

ಮಾರ್ಚ್ 21, ಶುಕ್ರವಾರ

ಹೊಸ ಗೆರೆಯನ್ನೂ ಈಗ ತಂಡದವರಿಗೆ ತೋರಿಸುತ್ತೇನೆ. ಹೊಸದು ಅಂತ ಯಾಕೆ ಬರೆದೆ, ಹಳೆಯದೇ. ಕಿರಿ ಸವತಿ ಎಂದು ಹೆಸರಿಟ್ಟೆ. ಮುರಿದ ಗರಿಯ ಕಥೆ ಜನರಿಗೆ ಬಹಳ ಹಿಡಿಸಿದೆ. ಪಟ್ಟದರಾಣಿಗಿಂತ ಇದೇ ನಿಜವಾದದ್ದರ ಹಾಗಿದೆ ಎಂದು ಒಬ್ಬರು ಅಂದರು. ಆ ಹೊಗಳಿಕೆಯೊಂದೇ ನನಗೆ ಇವತ್ತಿಡೀ ಸಾಕು.

ಗೆರೆ ಮೆಟ್ಟಿಲ ತಿರುವಿನಲ್ಲಿ ನಿಂತವರ ತಲೆಯ ಎತ್ತರಕ್ಕೆ ಬಂದಿದೆ. ಅಂದರೆ, ಅಲ್ಲಿಯವರೆಗೆ ಬರೆದಿದ್ದೇನೆ. ಅದರಿಂದ ಫೋಟೊಕ್ಕೆ ಅನುಕೂಲ. ಟೋಪಿಯ ಹೆಂಗಸೊಬ್ಬರು ಕಿವಿ ಕೊಟ್ಟು, "ಒಳಗೆ ಏನೋ ಚಿಟಿಚಿಟಿ ಅಂತಿದೆ ಮೇಷ್ಟ್ರೇ" ಅಂದರು. "ಅದಕ್ಕೇ ಅಲ್ವಾ ಟಿಕೆಟ್ಟು" ಅಂದೆ. ಎಲ್ಲರೂ ನಕ್ಕರು.

ಒಂದು ಮಾತು. ನಾನು ಬಿರುಕು ಬರೆಯುವಾಗ ಎಡ ಅಂಚಿಗೆ ತೆಳ್ಳಗೆ ಬಿಳುಪು ಕೊಡುತ್ತೇನೆ, ಕಿಟಕಿ ಎಡಗಡೆ ಇರುವುದರಿಂದ. ಬೆಳಗಾಗಲಿ ಸಂಜೆಯಾಗಲಿ ಅದು ಎಡಕ್ಕೇ ಇರುತ್ತದೆ. ಬರೆದ ಬೆಳಕು ಜರುಗುವುದಿಲ್ಲವಲ್ಲ. ಇವತ್ತು ಸಂಜೆ ಕಿರಿ ಸವತಿಯ ಬಿಳುಪು ಬಲಗಡೆ ಕಾಣಿಸಿತು. ಬಲಕ್ಕೆ ಶೂಟಿಂಗಿನವರು ದೊಡ್ಡ ದೀಪ ನಿಲ್ಲಿಸಿದ್ದಾರೆ. ಅದರದ್ದೇ ಕೆಲಸ ಇರಬೇಕು. ಕಣ್ಣು ತೋರಿಸಿಕೊಂಡು ಬರಬೇಕು ಒಂದು ದಿನ.

ಮಾರ್ಚ್ 26, ಬುಧವಾರ

ಇಂಜಿನಿಯರು ಬಂದಿದ್ದರು. ಟ್ಯಾಂಕು ತುಂಬಿಸಲು ಅವರ ಒಪ್ಪಿಗೆ ಬೇಕಂತೆ. ಮಹಡಿಯ ಮೇಲೆಲ್ಲ ತಿರುಗಿ, ಏನೇನೋ ಅಳೆದು, ಕೆಳಗಿಳಿಯುವಾಗ ನನ್ನ ಗೋಡೆಯ ಮುಂದೆ ನಿಂತರು. ಮ್ಯಾನೇಜರಮ್ಮ, ಮಳೆರಾಯ, ಕೌಂಟರಿನ ಹಿಂದೆ ಮಗಳು, ಎಲ್ಲರೂ ಇದ್ದರು.

"ಇದರಲ್ಲಿ ಯಾವ್ಯಾವುದು ನಿಮ್ಮದು?"

ಮಗಳು ಲೋಟ ತೊಳೆಯುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು.

"ಎಲ್ಲಾ ನನ್ನವೇ ಸಾರ್."

"ಆ ಬಲಗಡೆದು?"

"ಅದೂ ನಂದೇ. ಮುರಿದ ಗರಿದು." ಕಥೆಯನ್ನು ಪೂರ್ತಿ ಹೇಳಿದೆ. ಅವರು ತಿರುವಿಗೆ ಹತ್ತಿ, ಗೆರೆಯ ಕಡೆಗೆ ಬೆರಳು ಚಾಚಿದರು. "ಮುಟ್ಟಬೇಡಿ ಸಾರ್, ಬಣ್ಣ ಕೈಗೆ ಬರುತ್ತೆ" ಅಂದೆ. ಅಭ್ಯಾಸದ ಮಾತು, ತಾನಾಗಿ ಬಂತು. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

"ಭೇಷ್. ನಾನೇ ಮೋಸ ಹೋಗ್ತಿದ್ದೆ" ಎಂದು ಬೆನ್ನು ತಟ್ಟಿದರು. ಇಂಜಿನಿಯರಿಗೇ ಮೋಸ ಮಾಡುವ ಬಿರುಕು. ಮಳೆರಾಯ ಚಪ್ಪಾಳೆ ಹೊಡೆದ. ಮಗಳು ಮಾತ್ರ ಮತ್ತೆ ಲೋಟ ತೊಳೆಯತೊಡಗಿದಳು.

ಮಾರ್ಚ್ 27, ಗುರುವಾರ

ಟ್ಯಾಂಕಿಗೆ ನೀರು ಬಿಡುತ್ತಿದ್ದಾರೆ. ಹಜಾರದಲ್ಲಿ ನಿಂತರೆ ತಲೆಯ ಮೇಲೆ ಯಾರೋ ನಿಧಾನಕ್ಕೆ ಉಸಿರು ಎಳೆದುಕೊಂಡ ಹಾಗೆ ಕೇಳುತ್ತದೆ. ಬರೆಯಲು ಬೇರೇನೂ ಇಲ್ಲ.

ಏಪ್ರಿಲ್ 2, ಬುಧವಾರ

ಗೋಡೆ ಒರೆಸಬೇಕಂತೆ.

ಹೊಸ ಕಲಾ ನಿರ್ದೇಶಕಿ, ನನ್ನ ಮಗಳಿಗಿಂತ ಚಿಕ್ಕವಳು, ಬಹಳ ಮರ್ಯಾದೆಯಿಂದಲೇ ಹೇಳಿದಳು. "ಸಾರ್, ಎರಡನೇ ಭಾಗದಲ್ಲಿ ಮೊದಲಿನ ಕಥೆ ಬರುತ್ತೆ. ಮನೆ ಇನ್ನೂ ಹೊಸದಾಗಿದ್ದಾಗಿನದು. ಗೋಡೆ ಕ್ಲೀನ್ ಇರಬೇಕು. ಶೂಟಿಂಗ್ ಆದ್ಮೇಲೆ ಬೇಕಾದ್ರೆ ನೀವೇ ಮತ್ತೆ ಬರೀಬಹುದು."

ಮತ್ತೆ ಬರೆಯುವುದಂತೆ. ಒಂದೇ ಮುಖವನ್ನು ಎರಡು ಸಲ ಹಡೆಯಲು ಆಗುತ್ತದೆಯೇ? ಅವಳಿಗೆ ಹಾಗೆ ಹೇಳಲಿಲ್ಲ. "ಬೇರೆ ಯಾರೂ ಕೈ ಹಚ್ಚಬಾರದು, ನಾನೇ ಒರೆಸ್ತೀನಿ" ಅಂದೆ. ಒಪ್ಪಿದಳು. ಶೂಟಿಂಗಿನ ದಿನ ಬೆಳಿಗ್ಗೆ ಒರೆಸಬೇಕು. ಅಲ್ಲಿಯವರೆಗೆ ಜನ ನೋಡಲಿ ಎಂದು ಮ್ಯಾನೇಜರಮ್ಮ ಕೇಳಿಕೊಂಡರು. ಹೊರಗೆ 'ಕೊನೆಯ ದಿನಗಳು' ಎಂದು ಬೋರ್ಡು ಹಾಕಿದ್ದಾರೆ.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಹಾಗೆ ನಗುನಗುತ್ತಲೇ ಇದ್ದೆ. ಮನೆಗೆ ಬಂದು ಬಚ್ಚಲಲ್ಲಿ ಅತ್ತೆ.

ಏಪ್ರಿಲ್ 8, ಮಂಗಳವಾರ

ಜನವೋ ಜನ. ಗಂಟಲು ಬಿದ್ದುಹೋಗಿದೆ. "ಓಡಿ" ಅನ್ನುವುದು ಕೊಕ್ಕರೆ ಕೂಗಿದ ಹಾಗೆ ಬರುತ್ತಿದೆ, ಅದಕ್ಕೆ ಇನ್ನೂ ಹೆಚ್ಚು ನಗುತ್ತಾರೆ.

ಕೌಂಟರಿನ ಗೋಡೆಯಲ್ಲಿರುವ ಬೀರುವಿನ ಬಾಗಿಲು ಹಾಕಲು ಬರುತ್ತಿರಲಿಲ್ಲವಂತೆ. ಚೌಕಟ್ಟೇ ಓರೆಯಾಗಿದೆ ಎಂದು ಮಳೆರಾಯ ಬಾಗಿಲನ್ನು ಕೆತ್ತಿ ಸರಿಮಾಡಿ ಕೊಟ್ಟ. ಮರುದಿನ ಮತ್ತೆ ಕಚ್ಚಿಕೊಂಡಿತು, ಅವನು ಮತ್ತೆ ಕೆತ್ತಿದ. "ಬಾಗಿಲು ಪೂರ್ತಿ ಕೆತ್ತಿ ಮುಗಿಸೋವರೆಗೂ ನೀವು ಹೋಗೋ ಹಾಗಿಲ್ಲ" ಎಂದು ಮಗಳು ಅಂದದ್ದು ಕೇಳಿಸಿತು. ಅವಳು ನಕ್ಕದ್ದೂ ಕೇಳಿಸಿತು. ಎಷ್ಟು ದಿನವಾಗಿತ್ತು. ನನಗೆ ಅಲ್ಲೇ ನಿಲ್ಲಲು ನಾಚಿಕೆಯಾಗಿ ಮೆಟ್ಟಿಲು ಹತ್ತಿದೆ.

ಕಿರಿ ಸವತಿ ತಿರುವನ್ನು ದಾಟಿ ಕೌಂಟರಿನ ತಲೆಯವರೆಗೆ ಇಳಿದಿದ್ದಾಳೆ. ಅಷ್ಟು ಉದ್ದ ಬರೆದದ್ದು ನೆನಪಿದೆ. ಏಣಿಯ ಮೇಲೆ ನಿಂತು, ಒಂದೇ ಉಸಿರಿಗೆ. ನೆನಪಿದೆ. ಮಗಳು ಇತ್ತೀಚೆಗೆ ಏನೂ ಕೇಳುತ್ತಿಲ್ಲ. ಹಾಲಿನ ಪಾತ್ರೆಗೆ ಮುಚ್ಚಳ ಹಾಕಿಯೇ ಇಡುತ್ತಾಳೆ.

ಏಪ್ರಿಲ್ 11, ಶುಕ್ರವಾರ

ಇವತ್ತಿನದು ಇವತ್ತೇ ಬರೆಯಬೇಕು, ನಡೆದದ್ದು ನಡೆದ ಹಾಗೆ.

ಬೆಳಿಗ್ಗೆ ಹಜಾರ ತುಂಬಿತ್ತು. ಮದುವೆ ಮನೆಯ ದೃಶ್ಯವಂತೆ, ಜೂನಿಯರ್ ಆರ್ಟಿಸ್ಟುಗಳೆಲ್ಲ ಮುಖಕ್ಕೆ ಬಣ್ಣ ಹಚ್ಚಿಕೊಂಡು ಕೌಂಟರಿನ ಸುತ್ತ ಟೀಗೆ ನಿಂತಿದ್ದರು. ಅವರಲ್ಲಿ ಎಷ್ಟೋ ಮಂದಿ ನನ್ನ ತಂಡದಲ್ಲಿ ಬಂದುಹೋದವರು. ಮೇಲೆ ಟ್ಯಾಂಕು ಕಂಠಮಟ್ಟ ತುಂಬಿತ್ತು. ನಾನು ಬಕೆಟ್ಟು, ಸ್ಪಂಜು ಹಿಡಿದು ಏಣಿ ಹತ್ತಿದೆ.

ಮೊದಲು ಸವತಿಯರು. ಒಂದು ಸಲ ಒರೆಸಿದರೆ ಸಾಕು, ಕಂದು ನೀರಾಗಿ ಹರಿದುಹೋದರು. ಆಮೇಲೆ ಪಟ್ಟದರಾಣಿ. ಅವಳನ್ನು ಸೂರಿನಿಂದ ಕಿಟಕಿಯ ಹೆಗಲಿನವರೆಗೆ ನಿಧಾನವಾಗಿ ಒರೆಸಿದೆ. ಹಿಂದೆ ತಿರುಗಿ ನೋಡಲಿಲ್ಲ. ನನ್ನ ಕೈಯ ಕೆಲಸ ಈ ಭೂಮಿಯ ಮೇಲೆ ಈಗ ಎಲ್ಲೂ ಇಲ್ಲ.

ಏಣಿಯನ್ನು ಬಲಕ್ಕೆ ಎಳೆದುಕೊಂಡೆ. ಒರೆಸಿದೆ. ಗೆರೆ ಹೋಗಲಿಲ್ಲ. ಸ್ಪಂಜು ಹಿಂಡಿ ಮತ್ತೆ ಒರೆಸಿದೆ. ಸ್ಪಂಜು ಬೆಳ್ಳಗೇ ಇತ್ತು. ಉಗುರಿನಿಂದ ಕೆರೆದೆ. ಉಗುರು ಒಳಗೆ ಹೋಯಿತು. ಒಳಗಿನಿಂದ ತಣ್ಣನೆಯ ಗಾಳಿ ಬೆರಳಿಗೆ ತಾಗಿತು.

ಆಗ ನನಗೆ ಏನನ್ನಿಸಿತು ಎನ್ನುವುದನ್ನು ಇಲ್ಲಿ ಬಿಟ್ಟು ಬೇರೆಲ್ಲೂ ಹೇಳಲಾರೆ. ಸಂತೋಷವಾಯಿತು. ನಾಯಕಿಯ ಮುಖಕ್ಕೆಂದು ಈ ಮೂಲೆಯನ್ನು ಖಾಲಿ ಬಿಟ್ಟವನು ನಾನೇ ಎಂಬುದು ಕಣ್ಣಿಗೆ ಕಟ್ಟಿದ ಹಾಗೆ ಬಂತು. ನಿರ್ದೇಶಕರ ಮಾತು, ಅವರು ಹಾಕಿದ್ದ ಅಂಗಿ ಕೂಡ. ಮುರಿದ ಗರಿ ಇರಲೇ ಇಲ್ಲ. ನನ್ನ ತಲೆ ಸರಿಯಾಗಿದೆ, ಗೋಡೆ ಸರಿಯಾಗಿಲ್ಲ. ಏಣಿಯ ಮೇಲೆ ನಿಂತು ನಾನು ನಕ್ಕೆ. ಎಷ್ಟು ಹೊತ್ತು ನಕ್ಕೆನೋ. ಆಮೇಲೆ ಕೆಳಗೆ ನೋಡಿದೆ. ಮಗಳು ಲೋಟಕ್ಕೆ ಟೀ ಬಗ್ಗಿಸುತ್ತಿದ್ದಳು.

"ಓಡಿ" ಅಂದೆ. ಗಂಟಲು ಬಿದ್ದುಹೋಗಿತ್ತಲ್ಲ, ಅದೇ ಕೊಕ್ಕರೆಯ ದನಿ. ಇಡೀ ಹಜಾರ ಘೊಳ್ಳೆಂದು ನಕ್ಕಿತು. ಕೆಲವರು ಚಪ್ಪಾಳೆ ಹೊಡೆದರು. "ನಿಜವಾಗ್ಲೂ ಓಡ್ರಪ್ಪ" ಅಂದೆ. ಇನ್ನೂ ಜೋರಾಗಿ ನಕ್ಕರು.

ಮಗಳು ನಗಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿದಳು, ನನ್ನ ಕೈಯಲ್ಲಿದ್ದ ಬಿಳಿಯ ಸ್ಪಂಜು ನೋಡಿದಳು, ಗೋಡೆ ನೋಡಿದಳು. ಸ್ಟೌ ಆರಿಸಿದಳು. ಕೆಟಲ್ ಎತ್ತಿಕೊಂಡು, "ಎಲ್ಲರೂ ಹೊರಗೆ ಬನ್ನಿ, ಟೀ ಹೊರಗೆ ಕೊಡ್ತೀನಿ. ಇವತ್ತು ಯಾರೂ ಕಾಸು ಕೊಡೋದು ಬೇಡ" ಅಂದಳು. ಓಡಿ ಅಂದರೆ ಅಲುಗಾಡದವರು ಪುಕ್ಕಟೆ ಟೀ ಅಂದಕೂಡಲೇ ಒಬ್ಬರ ಹಿಂದೊಬ್ಬರು ಹೊರಟರು. ಅವಳು ಬಾಗಿಲಲ್ಲಿ ನಿಂತು ಕೊನೆಯವರು ಹೊರಬೀಳುವವರೆಗೂ "ಬನ್ನಿ, ಬನ್ನಿ" ಅನ್ನುತ್ತಿದ್ದಳು. ನಾನು ಯಾವಾಗ ಏಣಿ ಇಳಿದೆನೋ ಗೊತ್ತಿಲ್ಲ.

ಮ್ಯಾನೇಜರಮ್ಮ ಇಂಜಿನಿಯರಿಗೆ ಫೋನು ಮಾಡಿದರು. ಕಟ್ಟಡದೊಳಗೆ ಯಾರನ್ನೂ ಬಿಡಬೇಡಿ, ಟ್ಯಾಂಕಿನ ಹತ್ತಿರವೂ ಹೋಗಬೇಡಿ, ನಾನು ಬರುತ್ತೇನೆ ಎಂದರಂತೆ. ಅವರು ಫೋನು ಇಡುವಷ್ಟರಲ್ಲಿ ಮಳೆರಾಯ ಒಳಗೆ ಹೋಗಿಯಾಗಿತ್ತು.

"ವಾಲ್ವ್ ತಿರುಗಿಸಿದ್ರೆ ಆಯ್ತು. ನೀರು ಹೋದ್ರೆ ಭಾರನೂ ಹೋಗುತ್ತೆ" ಎಂದು ನನ್ನ ಪಕ್ಕದಲ್ಲೇ ಹೇಳಿ ಹೋದ. ಬಾಗಿಲಲ್ಲಿ ತಲೆ ತಗ್ಗಿಸಿದ್ದು ನೋಡಿದೆ. ನಾನು ಅವನ ತೋಳು ಹಿಡಿಯಬಹುದಿತ್ತು. ಅಷ್ಟು ಹತ್ತಿರ ಇದ್ದೆ. ಹಿಡಿಯಲಿಲ್ಲ. ನನ್ನ ಗೋಡೆ ಇನ್ನೂ ಬೀಳುವುದಿಲ್ಲ ಎಂದು ಆಗಲೂ ಎಲ್ಲೋ ಅನ್ನಿಸುತ್ತಿತ್ತು.

ಸದ್ದು ದೊಡ್ಡದಾಗಿರಲಿಲ್ಲ. ಮೂಟೆ ಇಳಿಸಿದ ಹಾಗೆ. ಆಮೇಲೆ ಕಿಟಕಿಗಳಿಂದೆಲ್ಲ ಧೂಳು, ಮೆಟ್ಟಿಲ ಮೇಲೆ ಕೆಸರು ನೀರು. ಹೊರಗೆ ನಿಂತವರ ಕೈಯಲ್ಲಿ ಇನ್ನೂ ಟೀ ಇತ್ತು. ಮಗಳು ಕೆಟಲ್ ಬಿಟ್ಟು ಒಳಗೆ ಓಡಿದಳು. ನಾಲ್ಕು ಜನ ಸೇರಿ ಹಿಡಿದು ಎಳೆತಂದರು.

ಏಪ್ರಿಲ್ 12, ಶನಿವಾರ

ಮಳೆರಾಯ ಬದುಕಿದ್ದಾನೆ. ಎಚ್ಚರವಿಲ್ಲ. ಕಾಲುಗಳು ಉಳಿಯುತ್ತವೋ ಇಲ್ಲವೋ ನಾಳೆ ಹೇಳುತ್ತಾರಂತೆ.

ಬೆಳಗಿನಿಂದ ಆಸ್ಪತ್ರೆಯ ಬೆಂಚಿನ ಮೇಲೆ ನಾನೂ ಮಗಳೂ ಕೂತಿದ್ದೆವು. ಅವಳ ಕೂದಲಲ್ಲಿ ಇನ್ನೂ ಸುಣ್ಣದ ಪುಡಿ ಇತ್ತು. ಇಂಜಿನಿಯರು ಬಂದರು. ಒಂದು ರಾತ್ರಿಗೆ ಹತ್ತು ವರ್ಷ ಹೆಚ್ಚಾದವರ ಹಾಗೆ ಕಾಣುತ್ತಿದ್ದರು. ಬಯ್ಯಲಿಲ್ಲ. "ಎಲ್ಲಾ ನಂದೇ ಅಂದಿದ್ರಲ್ರೀ" ಅಂದರು, ಅಷ್ಟೇ. ನಾನು ನೆಲ ನೋಡಿದೆ. ಅವರು "ನಾನಾದ್ರೂ ಮುಟ್ಟಿ ನೋಡ್ಬೇಕಿತ್ತು" ಎಂದು ಹೊರಟುಹೋದರು.

ಅವರು ಹೋದ ಮೇಲೆ ಮಗಳು ನನ್ನ ಕಡೆ ತಿರುಗಿದಳು. ಹುಟ್ಟಿದಾಗಿನಿಂದ ನೋಡಿದ್ದೇನೆ ಅವಳ ಮುಖವನ್ನು, ಅಷ್ಟು ಗಟ್ಟಿಯಾದ ಮುಖ ನೋಡಿರಲಿಲ್ಲ.

"ಅಪ್ಪ, ನಿಜ ಹೇಳು. ಆ ಗೆರೆ ಮೊದಲೇ ಇತ್ತಾ ಅಂತ ನಾನು ಕೇಳಿದ್ನಲ್ಲ. ಅವತ್ತು ನಿಂಗೆ ಗೊತ್ತಿತ್ತಾ, ಅದು ನಿಂದಲ್ಲ ಅಂತ?"

ಎಲ್ಲವೂ ನೆನಪಿತ್ತು. ಅವತ್ತು ಮೆಟ್ಟಿಲು ಹತ್ತಿ ನಿಂತದ್ದು, ಎಷ್ಟು ನೋಡಿದರೂ ಆ ಗೆರೆ ನನ್ನದೆನ್ನಿಸದೆ ಇದ್ದದ್ದು, ಮರುದಿನ ಇಲ್ಲದ ಗರಿಯೊಂದನ್ನು ಹುಡುಕಿ ತಂದದ್ದು, ಇಂಜಿನಿಯರ ಬೆರಳು ಗೋಡೆಯ ಹತ್ತಿರ ಹೋದದ್ದು. ಇಷ್ಟು ಸ್ಪಷ್ಟವಾಗಿ ನನಗೆ ಯಾವುದೂ ಎಂದೂ ನೆನಪಿರಲಿಲ್ಲ.

"ನೆನಪಿಲ್ಲ ಕಣೇ" ಅಂದೆ.

ಅವಳು ನನ್ನನ್ನು ನೋಡುತ್ತಲೇ ಇದ್ದಳು. ಮುಖದ ಗಟ್ಟಿತನ ಸ್ವಲ್ಪಸ್ವಲ್ಪವೇ ಸಡಿಲವಾಯಿತು. ಕಣ್ಣಲ್ಲಿದ್ದ ಸಿಟ್ಟು ಹೋಯಿತು, ಹೋಗುವುದನ್ನು ನಾನು ಕಂಡೆ.

"ಇರ್ಲಿ ಬಿಡಪ್ಪ" ಅಂದಳು. ಆ ಮೆತ್ತನೆಯ ದನಿಯಲ್ಲಿ.

ಸಂಜೆ ನನ್ನನ್ನು ಮನೆಗೆ ಬಿಟ್ಟು ಬರಲು ಹೊರಟಳು. ಆಸ್ಪತ್ರೆಯ ಮುಂದಿನ ರಸ್ತೆಯಲ್ಲಿ ನಿಂತಾಗ, ನಾವೆಲ್ಲ ಅಣ್ಣನ ಕೈ ಹಿಡಿಯುತ್ತಿದ್ದ ಹಾಗೆ, ಮಣಿಕಟ್ಟಿನ ಹತ್ತಿರ ನನ್ನ ಕೈ ಹಿಡಿದಳು. "ಈಗ ದಾಟೋಣ, ನಿಧಾನಕ್ಕೆ ಬಾ" ಅಂದಳು. ಆ ರಸ್ತೆ ದಾಟುವುದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕೈ ಬಿಡಿಸಿಕೊಳ್ಳಲಿಲ್ಲ.